ಅವ್ವನ ಎಣ್ಣೆ ಗೆದ್ದ ದಿನ

ನಂಬಿಕೆಯೇ ಬರುತ್ತಿಲ್ಲ...
ಮೊನ್ನೆ ತಾನೇ ಫೋನಿನಲ್ಲಿ ಜಗಳವಾಡಿದ್ದೆವು. ಬೆಳಿಗ್ಗೆ ಈ ಸುದ್ದಿ...
ನಮ್ಮ ಮಸ್ಕಿಯ ಅಮರೇಶ ಇನ್ನಿಲ್ಲ.
ಹಾರ್ಟ್ ಅಟ್ಯಾಕ್ ಅಂತೆ.

ಎಂಬತ್ತರ ದಶಕ. ಲಿಂಗಸುಗೂರಿನ ಕಾಲೇಜಿನಲ್ಲಿ ನಮ್ಮದು ಒಂದೇ ಬೆಂಚು.
ನಾನು ಸಿಂಧನೂರಿಗೆ ಬಂದು ಅಪ್ಪನ ಎಣ್ಣೆ ಮಿಲ್ಲಿನಲ್ಲಿ ಕೂತೆ. ಅವನು ಕೆಮಿಸ್ಟ್ರಿಯ ಬೆನ್ನು ಹತ್ತಿ ದೂರದ ಲ್ಯಾಬಿಗೆ ಹೋದ.

ಎಣ್ಣೆಗೆ ಹೈಡ್ರೋಜನ್ ಸೇರಿಸಿ ವನಸ್ಪತಿಯ ಹಾಗೆ ಗಟ್ಟಿ ಮಾಡುವ ಕೆಲಸ. ಫ್ಯಾಕ್ಟರಿಯಲ್ಲಿ ಅದಕ್ಕೆ ತಾಸುಗಟ್ಟಲೆ ಬೇಕು.
ಇವನದು ಹೊಸ ದಾರಿ. ಪ್ರೊಪೇನ್ ಗ್ಯಾಸನ್ನು ಕಾಯಿಸಿ ಒತ್ತುತ್ತಾ ಹೋದರೆ, ಗಾಳಿಯೂ ಅಲ್ಲದ ನೀರೂ ಅಲ್ಲದ ಒಂದು ಸ್ಥಿತಿ ಬರುತ್ತದಂತೆ...
ಸೂಪರ್‌ಕ್ರಿಟಿಕಲ್.
ನನಗೆ ತಿಳಿಸಿದ್ದು ಹೀಗೆ:
"ಎಣ್ಣಿ, ಹೈಡ್ರೋಜನ್ ಅಂದ್ರ ಮಾತು ಬಿಟ್ಟ ಅಣ್ತಮ್ಮರು. ಈ ಪ್ರೊಪೇನ್ ನಡುವ ಬಂತಂದ್ರ ಒಂದ ಪಂಕ್ತಿಗೆ ಕುಂತು ಉಣ್ತಾವ."

ಪ್ರಯೋಗಕ್ಕೆ ನಮ್ಮ ಮಿಲ್ಲಿನ ಶೇಂಗಾ ಎಣ್ಣೆಯೇ ಬೇಕು ಅಂತ ಹಟ. ಮೊಂಡ ಅಂದರೆ ಮೊಂಡ.
ಆದರೆ ಎಣ್ಣೆ ಗಟ್ಟಿಯಾಗಲೇ ಇಲ್ಲ. ಎಣ್ಣೆಗೆ ಹೈಡ್ರೋಜನ್ ಅಂಟಿಸಬೇಕಾದ ಲೋಹದ ಪುಡಿ, ಅದೇ ಕ್ಯಾಟಲಿಸ್ಟ್, ಮತ್ತೆ ಮತ್ತೆ ಸತ್ತುಹೋಯಿತು.
ಇನ್ನೊಂದು ಸಲ ಕೈಕೊಟ್ಟರೆ ವಿಷಯವನ್ನೇ ಬದಲಿಸು ಅಂದರು ಅವನ ಪಿಎಚ್‌ಡಿ ಗೈಡ್. ಅಷ್ಟು ವರ್ಷದ ದುಡಿಮೆ ನೀರಿನಲ್ಲಿ ಹೋಮ...

ಅಮರೇಶಾ... ನೆನಪಿದೆಯಾ?
ಮುಖ ಸಣ್ಣದು ಮಾಡಿಕೊಂಡು ನೀನು ನಮ್ಮ ಮನೆಗೆ ಬಂದಿದ್ದೆ. ಎಂದಿನಂತೆ ಅವ್ವ ನಿನಗೆ ಕೊಟ್ಟು ಕಳಿಸುವ ಎಣ್ಣೆ ಕಾಯಿಸುತ್ತಿದ್ದಳು. ದೂರ ಹೋಗುವ ಎಣ್ಣೆ ಕೆಡಬಾರದು ಅಂತ ಅದಕ್ಕೆ ಹುಣಸೆಹಣ್ಣು, ಬೆಳ್ಳುಳ್ಳಿ ಹಾಕುವುದು ಅವಳ ರೂಢಿ.
ಹುಟ್ಟಿದಾಗಿನಿಂದ ಮೂಗಿಗೆ ಒಗ್ಗಿದ ವಾಸನೆ. ಲ್ಯಾಬಿನಲ್ಲಿ ಡಬ್ಬಿ ತೆರೆದಾಗ ನಿನಗೆ ಅನುಮಾನವೇ ಬಂದಿರಲಿಲ್ಲ, ಊರು ನೆನಪಾಗಿತ್ತು ಅಷ್ಟೇ.
ಅವತ್ತು ಅವ್ವ ಎಣ್ಣೆಗೆ ಬೆಳ್ಳುಳ್ಳಿ ಹಾಕುವುದನ್ನು ಕಣ್ಣಾರೆ ಕಂಡವನೇ, ನನ್ನನ್ನು ಪಡಸಾಲೆಗೆ ಎಳೆದು ತಂದು ನಕ್ಕೇ ನಕ್ಕೆ...
"ಬೆಳ್ಳುಳ್ಳ್ಯಾಗ ಗಂಧಕ ಐತಲೇ. ಕ್ಯಾಟಲಿಸ್ಟಿಗೆ ಅದು ವಿಷ. ಅವ್ವಗ ಮಾತ್ರ ಹೇಳಬ್ಯಾಡ, ನೊಂದ್ಕೊಂತಾಳ."

ಪ್ರಯೋಗಕ್ಕೆ ನೀನು ಮಿಲ್ಲಿನಿಂದ ನೇರವಾಗಿ ಬೇರೆ ಡಬ್ಬಿ ತುಂಬಿಕೊಂಡೆ. ಅವ್ವನ ಡಬ್ಬಿಯನ್ನೂ ಬಿಡಲಿಲ್ಲ ನೀನು. ಹಾಸ್ಟೆಲಿನಲ್ಲಿ ಶೇಂಗಾ ಚಟ್ನಿಪುಡಿಗೆ ಕಲಸಿಕೊಂಡು ಉಂಡು ಮುಗಿಸಿದೆ.

ಆಮೇಲೆ ಬಂತು ಆ ಫೋನು...
"ಗಟ್ಟ್ಯಾಗೈತಲೇ. ಎಣ್ಣಿ ಮಷಿನ್ ಒಳಗ ಹೊಕ್ಕು ಹೊರಗ ಬರೂದ್ರಾಗ ತುಪ್ಪ ಆಗೈತಿ."
ನಾನು ಮಿಲ್ಲಿನ ಹಮಾಲರಿಗೆಲ್ಲ ಪೇಡೆ ಹಂಚಿದೆ. ಯಾತಕ್ಕೆ ಅಂತ ಅವರಿಗೆ ತಿಳಿಯಲಿಲ್ಲ, ತಿಂದರು.
ದೊಡ್ಡ ದೊಡ್ಡ ವಿಜ್ಞಾನಿಗಳ ಸಭೆಯಲ್ಲಿ ನಿಂತು ಇದು ಸಿಂಧನೂರಿನ ಎಣ್ಣೆ ಅಂದೆಯಂತೆ. ಇವತ್ತಿಗೂ ಎದೆ ಉಬ್ಬುತ್ತದೆ ಮಾರಾಯಾ.

ಊರಿಗೆ ಬಂದವನೇ ಅವ್ವನ ಕಾಲು ಮುಟ್ಟಿ, "ನಿಮ್ಮ ಎಣ್ಣಿ ಗೆದ್ದೈತವ್ವಾ" ಅಂದಿದ್ದೆ.

ಬೆಳಿಗ್ಗೆ ಸುದ್ದಿ ಕೇಳಿ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಅಂದಳು:
"ನನ್ನ ಬೆಳ್ಳುಳ್ಳಿ ಎಣ್ಣಿಲೆ ಗೆದ್ದ ಮಗ ಅಂವ."

ಹೌದವ್ವಾ ಅಂದೆ...

ಗೆಳೆಯರೇ, ಇದನ್ನು ಓದಿದವರು ನಮ್ಮ ಮನೆಗೆ ಬಂದರೆ ಅವ್ವನ ಮುಂದೆ ಬಾಯಿ ಬಿಡಬೇಡಿ. ಅವನಿಗೆ ಕೊಟ್ಟ ಮಾತು.

ಗೆದ್ದು ಹೊರಟಿದ್ದೀಯ, ಹೋಗಿ ಬಾ ಅಮರೇಶಾ...
ನಿನ್ನ ಜೀವ ತಣ್ಣಗಿರಲಿ. 🙏