ಅಕ್ಕ ಮಾಡಿದ ನನ್ನ ಡ್ಯೂಟಿ

ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಅಕ್ಕ ನನಗೆ ಸಿರಿಂಜು ಮುಟ್ಟುವುದಕ್ಕೆ ಬಿಡಲಿಲ್ಲ. ಕೈ ತೊಳೆಯುವುದನ್ನೇ ಕಲಿಸಿದರು. ಉಗುರಿನ ಸಂದಿ, ಬೆರಳಿನ ಸಂದಿ, ಮಣಿಕಟ್ಟಿನಿಂದ ಮೇಲೆ ನಾಲ್ಕು ಬೆರಳಿನಷ್ಟು. ಇದನ್ನೆಲ್ಲ ಟ್ರೈನಿಂಗಿನಲ್ಲೇ ಕಲಿತು ಬಂದಿದ್ದೇನೆ ಎಂಬ ಜಂಬ ನನಗೆ. ಅವರು ನಕ್ಕು, ಪರೀಕ್ಷೆಗೆ ತೊಳೆಯುವುದು ಬೇರೆ, ದಿನಾ ತೊಳೆಯುವುದು ಬೇರೆ ಎಂದರು.

ತೊಂಬತ್ತರ ದಶಕದ ಮೊದಲ ವರ್ಷಗಳು. ಟಿ. ನರಸೀಪುರದಲ್ಲಿ ಒಂದು ಸಣ್ಣ ಖಾಸಗಿ ನರ್ಸಿಂಗ್ ಹೋಮ್. ಹನ್ನೆರಡು ಹಾಸಿಗೆ, ಒಬ್ಬ ಡಾಕ್ಟರು, ಹಗಲಿಗೆ ನಾವಿಬ್ಬರು ನರ್ಸುಗಳು. ಈಗ ಅದು ಇಲ್ಲ. ಆ ಕಟ್ಟಡದಲ್ಲಿ ಗೊಬ್ಬರದಂಗಡಿ ಇದೆ. ನಾನು ಹೆಮ್ಮರಗಾಲದ ಹುಡುಗಿ, ಮದುವೆಯಾಗಿ ನಂಜನಗೂಡಿಗೆ ಬಂದವಳು. ಗಂಡ ಪ್ರೈಮರಿ ಸ್ಕೂಲಿನ ಮೇಷ್ಟರು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ನರಸೀಪುರಕ್ಕೆ ಹೋಗಿ ಸಂಜೆ ವಾಪಸು ಬರುತ್ತಿದ್ದೆ.

ಜೊತೆಯ ಹಿರಿಯ ನರ್ಸನ್ನು ನಾನು ಅಕ್ಕ ಎನ್ನುತ್ತಿದ್ದೆ, ನನಗಿಂತ ಹದಿನೈದು ವರ್ಷ ದೊಡ್ಡವರು. ತವರು ತಾಂಡವಪುರ. ಮದುವೆಯಾದ ಆರನೇ ವರ್ಷಕ್ಕೆ ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳನ್ನು ಓದಿಸಿಕೊಂಡು ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆಯ ಮನೆಯಲ್ಲಿದ್ದರು. ಹೆರಿಗೆಗೆ ಬಂದ ಹೆಂಗಸರು ಡಾಕ್ಟರಿಗಿಂತ ಮೊದಲು ಅವರನ್ನೇ ಕೇಳುತ್ತಿದ್ದರು. ಬಸುರಿಯ ಹೊಟ್ಟೆಯ ಮೇಲೆ ಮರದ ಕೊಳವೆಯಿಟ್ಟು, ಅದಕ್ಕೆ ಕಿವಿ ಕೊಟ್ಟು, ಕಣ್ಣು ಮುಚ್ಚಿ ಮಗುವಿನ ಎದೆಬಡಿತ ಎಣಿಸುತ್ತಿದ್ದರು. ಎಣಿಕೆ ಮುಗಿಯುವ ತನಕ ವಾರ್ಡಿನಲ್ಲಿ ಯಾರೂ ಮಾತಾಡುವಂತಿರಲಿಲ್ಲ.

ನಮ್ಮ ಕೆಲಸ ಹಂಚಿಕೆಯಾಗಿತ್ತು. ಒಂದು ವಾರ ಮುಂದಿನ ವಾರ್ಡು ಅವರಿಗೆ, ಹಿಂದಿನ ಮೂರು ರೂಮು ನನಗೆ. ಮಾರನೆಯ ವಾರ ಅದಲು ಬದಲು. ಎರಡನೆಯ ವರ್ಷ, ನಾನು ನಾಲ್ಕು ತಿಂಗಳ ಬಸುರಿಯಾಗಿದ್ದಾಗ, ಹಿಂದಿನ ರೂಮುಗಳು ನನ್ನ ಪಾಲಿಗಿದ್ದ ವಾರವೇ ತಲಕಾಡಿನ ಕಡೆಯ ಒಬ್ಬ ಅಂಬಿಗನನ್ನು ತಂದು ಸೇರಿಸಿದರು. ಐವತ್ತರ ಆಸುಪಾಸು. ಹೊಳೆಯಲ್ಲಿ ಜನರನ್ನು ದಾಟಿಸುತ್ತಿದ್ದ ತೋಳು ಒಣಗಿ ಕಡ್ಡಿಯಾಗಿತ್ತು. ಕೆಮ್ಮಿದರೆ ಮಂಚವೇ ಅಲುಗುತ್ತಿತ್ತು. ಡಾಕ್ಟರು ನ್ಯುಮೋನಿಯಾ ಎಂದು ಬರೆದರು. ಕಫವನ್ನು ಮೈಸೂರಿಗೆ ಕಳಿಸಿದ್ದಾಗಿತ್ತು, ಉತ್ತರ ಬಂದಿರಲಿಲ್ಲ. ಚಳಿ ಎಂದು ರೋಗಿಯ ಕಡೆಯವರು ರೂಮಿನ ಕಿಟಕಿ ಮುಚ್ಚಿಸಿದ್ದರು.

ಅಕ್ಕ ಒಂದು ಸಲ ಒಳಗೆ ಹೋಗಿ ಅವನ ಹತ್ತಿರ ಮಾತಾಡಿ ಹೊರಗೆ ಬಂದರು. ಅವನು ಮೂರು ವರ್ಷದಿಂದ ಮಾತ್ರೆ ನುಂಗುವುದು, ಸ್ವಲ್ಪ ಸುಧಾರಿಸಿದರೆ ಬಿಡುವುದು, ಮತ್ತೆ ನುಂಗುವುದು ಮಾಡಿದ್ದನಂತೆ. ಯಾವ ಮಾತ್ರೆ ಎಂದರೆ, ಉಚ್ಚೆ ಕೆಂಪಗಾಗುವ ಮಾತ್ರೆ ಎಂದನಂತೆ. ಅದು ಟಿ.ಬಿ.ಯ ಮಾತ್ರೆ, ಅಷ್ಟು ಸಾಕಾಗಿತ್ತು ಅವರಿಗೆ. ನಾನು ಥರ್ಮಾಮೀಟರ್ ಹಿಡಿದು ಬಾಗಿಲ ಹತ್ತಿರ ನಿಂತಿದ್ದೆ. ಅದನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಈ ರೂಮಿಗೆ ನೀನು ಕಾಲಿಕ್ಬ್ಯಾಡ ಕೂಸೇ. ಹೊಟ್ಟೇಲಿ ಇನ್ನೊಂದು ಜೀವ ಅದೆ. ನಾನು ನೋಡ್ಕತೀನಿ."

ನಾನು ಒಂದು ಸಲವೂ ಬೇಡ ಎನ್ನಲಿಲ್ಲ. ಬೇಡ ಎನ್ನಬೇಕೆಂದು ಹೊಳೆಯಲೂ ಇಲ್ಲ. ಒಳಗೊಳಗೇ ಹಗುರವಾಯಿತು, ಅದು ನನಗೆ ಚೆನ್ನಾಗಿ ನೆನಪಿದೆ.

ಹತ್ತು ದಿನ ಅಕ್ಕ ಆ ರೂಮು ನೋಡಿಕೊಂಡರು. ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೂಗಿಗೆ ಕಟ್ಟಿಕೊಳ್ಳುತ್ತಿದ್ದರು. ಅವನನ್ನು ಎದೆಗೆ ಒರಗಿಸಿಕೊಂಡು ಗಂಜಿ ಕುಡಿಸುವಾಗ ಬಟ್ಟೆ ಜಾರಿ ಕುತ್ತಿಗೆಗೆ ಬೀಳುತ್ತಿತ್ತು. ಎರಡೂ ಕೈ ಅವನನ್ನು ಹಿಡಿದಿರುವಾಗ ಅದನ್ನು ಮೇಲಕ್ಕೆತ್ತುವವರು ಯಾರು? ನಾನು ಅಂಗಳದಲ್ಲಿ ನಿಂತು ನೋಡುತ್ತಿದ್ದೆ. ಮೈಸೂರಿನ ರಿಪೋರ್ಟು ಬಂದ ದಿನ ಅವನನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಟಿ.ಬಿ., ಅದೂ ಜೋರಾಗಿತ್ತು. ಡಾಕ್ಟರು ನಮ್ಮಿಬ್ಬರನ್ನೂ ಕರೆದು, ಹೊರಗೆ ಯಾರಿಗೂ ಹೇಳಬೇಡಿ, ಹೆರಿಗೆಗೆ ಬರುವವರು ಹೆದರುತ್ತಾರೆ ಎಂದರು. ನಮ್ಮನ್ನು ಪರೀಕ್ಷೆ ಮಾಡಿಸುವ ಮಾತು ಅವರೂ ಎತ್ತಲಿಲ್ಲ, ನಾವೂ ಕೇಳಲಿಲ್ಲ. ರೂಮಿಗೆ ಸುಣ್ಣ ಹೊಡೆಸಿದರು.

ನನಗೆ ಗಂಡುಮಗುವಾಯಿತು. ಐದು ತಿಂಗಳು ತುಂಬಿದ ಮೇಲೆ ಮಗುವನ್ನು ಎತ್ತಿಕೊಂಡು ಅಕ್ಕನಿಗೆ ತೋರಿಸಲು ಹೋದೆ. ಅವರು ಬಾಗಿಲಲ್ಲೇ ನಿಂತರು. ಕೆನ್ನೆ ಒಳಗೆ ಹೋಗಿತ್ತು, ಸೆರಗು ಬಾಯಿಗೆ ಅಡ್ಡ ಹಿಡಿದಿದ್ದರು. ಧೂಳಿಗೆ ಅಲರ್ಜಿ ಎಂದರು. ಮಗುವನ್ನು ಎತ್ತಿಕೊಳ್ಳಲಿಲ್ಲ. ನೂರಾರು ಮಕ್ಕಳನ್ನು ಹೊಟ್ಟೆಯಿಂದ ಕೈಗೆ ತೆಗೆದುಕೊಂಡವರು ನನ್ನ ಮಗುವಿಗೆ ಒಂದು ಬೆರಳು ತಾಗಿಸಲಿಲ್ಲ. ನನಗೆ ಸಿಟ್ಟು ಬಂತು. ನಮ್ಮ ಪುಣ್ಯ ನೋಡಿ ಅವರಿಗೆ ಸಹಿಸಲಾಗುತ್ತಿಲ್ಲ ಎಂದು ಮನೆಗೆ ಬಂದು ಗಂಡನ ಹತ್ತಿರ ಆಡಿದೆ. ಆ ಮಾತು ಈಗಲೂ ನನ್ನ ಬಾಯಲ್ಲಿ ಕಹಿಯಾಗಿದೆ.

ಕೆಲಸಕ್ಕೆ ಮರಳಿ ಎರಡು ವಾರವಾಗಿರಲಿಲ್ಲ, ಡ್ರೆಸಿಂಗ್ ರೂಮಿನ ವಾಷ್‌ಬೇಸಿನ್ನಿನಲ್ಲಿ ರಕ್ತ ಕಂಡೆ. ಅಕ್ಕ ನಲ್ಲಿ ಬಿಟ್ಟು ಅದನ್ನು ತೊಳೆಯುತ್ತಿದ್ದರು. ನನ್ನನ್ನು ನೋಡಿ, ಎಷ್ಟು ದಿನದಿಂದ ಎಂದು ನಾನು ಕೇಳುವ ಮೊದಲೇ, ಮಗಳ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಯುವ ತನಕ ಸುಮ್ಮನಿರು ಎಂದರು. ನಾನು ಸುಮ್ಮನಿರಲಿಲ್ಲ. ಡಾಕ್ಟರಿಗೆ ಹೇಳಿದೆ. ಎಕ್ಸ್‌ರೇ ತೆಗೆಸಿದರು. ವಾಸಿಯಾದ ಮೇಲೆ ಬನ್ನಿ ಸಿಸ್ಟರ್ ಎಂದು ಡಾಕ್ಟರು ಅವತ್ತೇ ಅವರನ್ನು ಮನೆಗೆ ಕಳಿಸಿದರು. ಕಾಯಿಲೆ ಆಸ್ಪತ್ರೆಯಲ್ಲೇ ಅಂಟಿದ್ದು ಎಂದು ಎಲ್ಲಿಯೂ ಬರೆಯಲಿಲ್ಲ, ಬಾಯಿಬಿಟ್ಟು ಹೇಳಲೂ ಇಲ್ಲ.

ಮಾಮೂಲಿ ಮಾತ್ರೆಗೆ ಬಗ್ಗುವ ಕಾಯಿಲೆ ಅದಾಗಿರಲಿಲ್ಲ. ಅಂಬಿಗ ಮೂರು ವರ್ಷ ಅರೆಬರೆ ನುಂಗಿ, ಮಾತ್ರೆಗೆ ಜಗ್ಗದಂತೆ ಪಳಗಿಸಿದ್ದ ರೋಗಾಣು ಅಕ್ಕನ ಎದೆ ಸೇರಿತ್ತು. ಮೈಸೂರಿನಲ್ಲಿ ಕೆಲವು ತಿಂಗಳು ಇಟ್ಟುಕೊಂಡು ಬೇರೆ ಮಾತ್ರೆ, ದಿನಾ ಒಂದು ಇಂಜೆಕ್ಷನ್ ಶುರು ಮಾಡಿದರು. ಆಮೇಲೆ ಅವರ ಅಣ್ಣ ಬಂದು ತಾಂಡವಪುರಕ್ಕೆ ಕರೆದುಕೊಂಡು ಹೋದ. ಮನೆಯ ಹಿಂದೆ, ದನದ ಕೊಟ್ಟಿಗೆಯ ಪಕ್ಕ ಒಂದು ಕೋಣೆ ಕೊಟ್ಟರಂತೆ. ತಟ್ಟೆ ಲೋಟ ಬೇರೆ. ಮಗಳು ಓದು ಬಿಟ್ಟು ಅವ್ವನ ಜೊತೆ ನಿಂತಳು.

ನಂಜನಗೂಡಿನಿಂದ ಮೈಸೂರಿಗೆ ಹೋಗುವ ಬಸ್ಸು ತಾಂಡವಪುರದ ಮೇಲೆಯೇ ಹೋಗುತ್ತದೆ. ಆ ಒಂದು ವರ್ಷದಲ್ಲಿ ನಾನು ಆ ದಾರಿಯಲ್ಲಿ ಎಷ್ಟೋ ಸಲ ಓಡಾಡಿದೆ. ಮಗುವಿಗೆ ಸ್ವೆಟರ್ ತರಲು, ನಾದಿನಿಯ ಮದುವೆಯ ಸೀರೆಗೆ. ಬಸ್ಸು ಅಲ್ಲಿ ನಿಲ್ಲುತ್ತಿತ್ತು, ಯಾರೋ ಇಳಿಯುತ್ತಿದ್ದರು, ಯಾರೋ ಹತ್ತುತ್ತಿದ್ದರು. ನಾನು ಇಳಿಯಲಿಲ್ಲ. ಗಂಡ ಹೋಗಬೇಡ ಎಂದಿದ್ದ ಎಂದು ಕೆಲವರ ಹತ್ತಿರ ಹೇಳಿದ್ದೇನೆ. ಅವನು ಹಾಗೆ ಹೇಳಿದ್ದು ನಿಜ, ಆದರೆ ಅವನು ಹೇಳದಿದ್ದರೂ ನಾನು ಇಳಿಯುತ್ತಿರಲಿಲ್ಲ. ಮನೆಯಲ್ಲಿ ಹಾಲು ಕುಡಿಯುವ ಕೂಸು ಇತ್ತು, ನನಗೆ ಭಯವಿತ್ತು. ನರ್ಸಾಗಿ ಎಷ್ಟು ತಿಳಿದಿತ್ತೋ ಅಷ್ಟೂ ಭಯವಾಗಿತ್ತು.

ಕೊನೆಗೆ ಒಂದು ಸಲ ಇಳಿದೆ. ಮಗು ಎದೆಹಾಲು ಬಿಟ್ಟಾಗಿತ್ತು. ಅಕ್ಕನ ಮಗಳು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಅಕ್ಕ ಗೋಡೆಗೆ ಒರಗಿ ಕೂತಿದ್ದರು. ನಾನು ಕರೆದೆ. ತಿರುಗಲಿಲ್ಲ. ಮತ್ತೆ ಕರೆದೆ. ಹುಡುಗಿ ಮೆಲ್ಲಗೆ, "ಅವ್ವುಂಗೆ ಕಿವಿ ಕೇಳ್ಸಲ್ಲ ಚಿಕ್ಕವ್ವ. ಆ ಇಂಜೆಕ್ಸನ್ನಿಂದ ಓಯ್ತು" ಎಂದಳು. ಆ ಕೊಳವೆಗೆ ಕಿವಿಯಿಟ್ಟು ಕಣ್ಣು ಮುಚ್ಚುತ್ತಿದ್ದ ಮುಖ ನನ್ನ ಮುಂದೆ ಬಂತು. ನಿಂತಲ್ಲೇ ಅತ್ತುಬಿಟ್ಟೆ.

ನಾನು ಅಳುವುದನ್ನು ನೋಡಿ ಅಕ್ಕ ನಕ್ಕರು. ಕೈಯಿಂದ ಬಾಗಿಲ ಕಡೆ ತೋರಿಸಿದರು. ತಮ್ಮ ದನಿ ತಮಗೇ ಕೇಳದೆ ಇದ್ದುದರಿಂದ ಸ್ವಲ್ಪ ಜೋರಾಗಿಯೇ ಮಾತು ಬಂತು.

"ಅಲ್ಲಿ ಗಾಳಿ ಆಡೋ ಕಡೆ ಕೂತ್ಕೊ. ಒಳೀಕ್ ಬರ್ಬ್ಯಾಡ."

ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದು ಮಾತಾಡಿದೆವು. ಮಗನಿಗೆ ಮಾತು ಬಂದಿದೆಯೇ ಎಂದು ಕೇಳಿದರು. ಬರೆದೆ. ಲಸಿಕೆಯೆಲ್ಲ ಹಾಕಿಸಿದೆಯಾ ಎಂದರು. ಬರೆದೆ. ಆಮೇಲೆ ನಾನು, ಆ ವಾರ ಆ ರೂಮು ನನ್ನದು ಅಕ್ಕ, ನಿಮ್ಮದಲ್ಲ ಎಂದು ಬರೆದು ಪುಸ್ತಕವನ್ನು ನೆಲದ ಮೇಲೆ ಅವರ ಕಡೆ ಜಾರಿಸಿದೆ. ಅವರು ಓದಿದರು.

"ನಂಗೂ ಭಯ ಆಗಿತ್ತು ಕೂಸೇ," ಎಂದರು. "ಯಾರ್ಗೂ ಏಳಿಲ್ಲ. ಒಳೀಕ್ ಓಗೋಕ್ ಮುಂಚೆ ದಿನಾ ಬಾಗ್ಲಲ್ಲಿ ಒಂದ್ಗಳಿಗೆ ನಿಂತ್ಕತಿದ್ದೆ."

ನನ್ನನ್ನು ಕ್ಷಮಿಸಿದೆ ಎನ್ನಲಿಲ್ಲ. ತಪ್ಪು ನಿನ್ನದು ಎಂದೂ ಅನ್ನಲಿಲ್ಲ. ಕೆಮ್ಮು ಶುರುವಾಯಿತು, ಹುಡುಗಿ ನನ್ನನ್ನು ಹೊರಗೆ ಕರೆದುಕೊಂಡು ಬಂದಳು. ಅದೇ ಕೊನೆಯ ಸಲ ನಾನು ಅವರನ್ನು ನೋಡಿದ್ದು. ಆ ವರ್ಷದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಸುದ್ದಿ ನನಗೆ ಮುಟ್ಟಿದಾಗ ಮಣ್ಣು ಮಾಡಿ ನಾಲ್ಕು ದಿನವಾಗಿತ್ತು.

ನನಗೆ ಆಮೇಲೆ ಸರ್ಕಾರಿ ಕೆಲಸ ಸಿಕ್ಕಿತು. ಎರಡು ಸಾವಿರದ ಇಸವಿಯ ನಂತರ ಹಳ್ಳಿಗಳಲ್ಲಿ ಟಿ.ಬಿ. ರೋಗಿಗಳಿಗೆ ಕಣ್ಣೆದುರೇ ಮಾತ್ರೆ ನುಂಗಿಸುವುದು ನನ್ನ ಕೆಲಸವಾಯಿತು. ಒಬ್ಬರು ತಪ್ಪಿಸಿಕೊಂಡರೂ ಹೊಲದ ತನಕ ಹುಡುಕಿಕೊಂಡು ಹೋಗುತ್ತಿದ್ದೆ. ಇಷ್ಟು ಹಟ ಯಾಕಮ್ಮ ಎಂದು ಜನ ಕೇಳುತ್ತಿದ್ದರು. ನಾನು ಯಾರಿಗೂ ಹೇಳಲಿಲ್ಲ.

ಚೀನಾ, ಸಿಂಗಪುರದ ಕಡೆ ಹೊಸ ಜ್ವರವೊಂದು ಬಂದು, ಅದಕ್ಕೆ ಕೊರೊನಾ ಎಂಬ ವೈರಸ್ಸು ಕಾರಣ ಎಂದು ಪೇಪರಿನವರು ಮೊದಲ ಸಲ ಬರೆದ ವರ್ಷ, ಎರಡು ಸಾವಿರದ ಮೂರು. ನಂಜನಗೂಡಿನ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಪಕ್ಕದ ಮೇಜಿನಿಂದ ಯಾರೋ ಚಿಕ್ಕವ್ವ ಎಂದರು. ಅಕ್ಕನ ಮಗಳು, ಕಾಫಿ ಹಿಡಿದು ನನ್ನೆದುರಿಗೆ ಬಂದು ಕೂತಳು. ಮದುವೆಯಾಗಿ ಎರಡು ವರ್ಷವಾಗಿತ್ತಂತೆ, ಚಾಮರಾಜನಗರದ ಕಡೆಗೆ ಕೊಟ್ಟಿದ್ದರು. ಅದಕ್ಕೆ ಮೊದಲು ಮೂರು ಸಂಬಂಧ ಬಂದು ತಪ್ಪಿಹೋಗಿದ್ದವಂತೆ. ತಾಯಿಯ ಕಾಯಿಲೆ ರಕ್ತದಲ್ಲೇ ಬಂದದ್ದು ಎಂದು ಒಬ್ಬರು, ಗಂಡನಿಲ್ಲದ ಹೆಂಗಸು ಎಲ್ಲಿಂದ ತಂದಳೋ ಎಂದು ಇನ್ನೊಬ್ಬರು. ಅದನ್ನು ಹೇಳುವಾಗ ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ.

ಹೋಟೆಲಿನ ಟೀವಿಯಲ್ಲಿ ಮೂಗುಬಾಯಿ ಮುಚ್ಚಿಕೊಂಡ ನರ್ಸುಗಳನ್ನು ತೋರಿಸುತ್ತಿದ್ದರು. ರೋಗಿಗಳನ್ನು ನೋಡಿಕೊಳ್ಳುತ್ತಲೇ ಜ್ವರ ಹತ್ತಿ ಸತ್ತವರ ಸುದ್ದಿ. ಒಬ್ಬಳ ಫೋಟೋದ ಮುಂದೆ ಹೂವಿಟ್ಟಿದ್ದರು. ಹುಡುಗಿ ಅದನ್ನು ನೋಡುತ್ತಾ ಕೂತಳು.

"ಚಿಕ್ಕವ್ವ, ನಮ್ಮವ್ವುಂಗೆ ಆ ಕಾಯ್ಲೆ ಎಲ್ಲಿಂದ ಬಂತು? ನಿಮ್ಗೆ ಗೊತ್ತಿರ್ಬೇಕು."

ಅಕ್ಕ ಮಗಳಿಗೂ ಹೇಳಿರಲಿಲ್ಲ. ನಾನು ಹೇಳಿದೆ. ಅಂಬಿಗನ ವಿಷಯ, ಮುಚ್ಚಿದ ಕಿಟಕಿ, ಜಾರುತ್ತಿದ್ದ ಬಟ್ಟೆ. ಡಾಕ್ಟರು ಯಾರಿಗೂ ಹೇಳಬೇಡಿ ಎಂದದ್ದು, ನಾನು ಇಷ್ಟು ವರ್ಷ ಹಾಗೆಯೇ ನಡೆದುಕೊಂಡದ್ದು. ಆ ವಾರ ಆ ರೂಮು ನನ್ನದಾಗಿತ್ತು ಎಂಬುದನ್ನೂ ಬಿಡಲಿಲ್ಲ. ಸಂಬಂಧಗಳು ತಪ್ಪುತ್ತಿದ್ದಾಗ ನಾನು ಆ ಮನೆಗಳಿಗೆ ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು ಎಂದೂ ಹೇಳಿದೆ.

ಅವಳು ಅಳಲಿಲ್ಲ. ಕಾಫಿ ಹಾಗೆಯೇ ಇತ್ತು, ಕೆನೆ ಕಟ್ಟಿತ್ತು.

"ಅವ್ವ ಇದ್ದಾಗ ನೀವು ಒಂದ್ಸಲ ಏಳಿದ್ರೆ," ಎಂದಳು. "ನಾನೂ ಅವ್ರಿವ್ರ ಮಾತು ಕೇಳ್ಕಂಡು ಅವ್ವುನ್ನ ಒಂದೊಂದ್ ಸಲ ಅಂದ್ಬಿಟ್ಟಿದ್ದೀನಿ ಚಿಕ್ಕವ್ವ. ಅವ್ಳ್ಗೆ ಕಿವಿ ಕೇಳ್ತಿರ್ಲಿಲ್ಲ, ಆದ್ರೂ ಗೊತ್ತಾಗ್ತಿತ್ತು."

ಮೇಜಿನ ಮೇಲಿದ್ದ ಅವಳ ಕೈಯ ಮೇಲೆ ಕೈ ಇಟ್ಟೆ. ಅವಳು ಎಳೆದುಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ. ಚಾಮರಾಜನಗರದ ಬಸ್ಸು ಬಂತು ಎಂದು ಯಾರೋ ಕೂಗಿದರು. ಅವಳು ಬ್ಯಾಗು ತೆಗೆದುಕೊಂಡು ಎದ್ದು, ಬತ್ತೀನಿ ಎಂದು ಹೊರಟಳು. ಬಸ್ಸಿನಲ್ಲಿ ಕಿಟಕಿಯ ಪಕ್ಕವೇ ಸೀಟು ಸಿಕ್ಕಿತ್ತು. ಬಸ್ಸು ಹೊರಡುವ ತನಕ ನಾನು ಕೆಳಗೆ ನಿಂತಿದ್ದೆ. ಅವಳು ಮುಂದಕ್ಕೇ ನೋಡುತ್ತಿದ್ದಳು.