ಮೀನಿನ ಮೈಮೇಲಿನ ಅದಿರು

ಹೊಸಪೇಟೆಯಲ್ಲಿ ನನ್ನ ಕೈಯಲ್ಲಿ ಮೋಸ ಹೋಗದವರು ಯಾರಾದರೂ ಇದ್ದರೆ ಅವರು ಇನ್ನೂ ಹುಟ್ಟಿಲ್ಲ ಎಂದೇ ಅರ್ಥ. ಸಂಡೂರು ರಸ್ತೆಯಲ್ಲಿ ಲಾರಿ ಡ್ರೈವರನಿಗೆ ಹರಿದ ಸೀರೆ ಮಾರಿದವನು ನಾನು. ಗಣಿ ಜೋರಾಗಿದ್ದ ವರ್ಷಗಳ ಮಾತು.

ಆ ರಸ್ತೆಯ ಪಕ್ಕ ನನ್ನ ಹೆಂಡತಿಯ ತಮ್ಮನಿಗೆ ಅಣ್ಣಂದಿರ ಜೊತೆ ಪಾಲಿನ ಒಂದು ತುಂಡು ಹೊಲವಿತ್ತು. ಸುತ್ತಲಿನವರೆಲ್ಲ ಹೊಲಗಳನ್ನು ಅದಿರು ರಾಶಿ ಹಾಕಲು ಬಾಡಿಗೆಗೆ ಕೊಟ್ಟು ಕಾಲ ಮೇಲೆ ಕಾಲು ಹಾಕಿ ಕೂತಿದ್ದಾಗ ಇವನೊಬ್ಬ ಅಲ್ಲಿ ಕೊಳ ತೋಡಿಸಿ, ಕಾಲುವೆ ನೀರು ತುಂಬಿಸಿ, ಕಾಟ್ಲಾ, ರೋಹು ಮೀನಿನ ಮರಿ ಬಿಟ್ಟ. ಜೀರಿಗೆಯಷ್ಟಿದ್ದ ಮರಿಗಳನ್ನು ಬೆರಳುದ್ದ ಬೆಳೆಸಿ, ಕಂಪ್ಲಿ ಕಡೆ ಕೆರೆ ಗುತ್ತಿಗೆ ಹಿಡಿದವರಿಗೆ ಮಾರುವ ಯೋಚನೆ. ಅವನ ಅಣ್ಣಂದಿರು ಮಾತ್ರ ಖಡಾಖಂಡಿತವಾಗಿ ಹೇಳಿದ್ದರು: "ಒಂದು ಸಲ ನೋಡ್ತೀವಿ. ಮೀನು ಕೈಹತ್ತಲಿಲ್ಲಂದ್ರ ಹೊಲ ಅದಿರಿಗೆ ಕೊಡೋದೇ."

ಹೊಲದ ಮೇಲೆ ಒಮ್ಮೆ ಅದಿರು ಬಿದ್ದರೆ ಆಮೇಲೆ ಹುಲ್ಲೂ ಹುಟ್ಟುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಒಂದು ದಿನ ಅಂಗೈಯಲ್ಲಿ ಮರಿಯೊಂದನ್ನು ಹಿಡಿದುಕೊಂಡು ಬಂದ. ಬೆಳ್ಳಿಯಂಥ ಮೈಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆ.

"ಮಾವ, ನೋಡ್ರಿ. ಅದಿರಿನ ಪುಡಿ ಮೀನಿಗೂ ಹತ್ತೈತಿ."

"ಲೇ, ಅದಿರು ಕೆಂಪಗಿರ್ತೈತಿ. ಇದು ಕರ್ರಗೈತಲ್ಲೋ."

"ಮ್ಯಾಂಗನೀಸ್ ಕರ್ರಗಿರಂಗಿಲ್ಲೇನ್ರಿ?"

ಸಂಡೂರಿನ ಮ್ಯಾಂಗನೀಸ್ ಕಪ್ಪೆಂದು ಯಾರಿಗೆ ಗೊತ್ತಿಲ್ಲ? ನಾನೂ ಹೌದೆಂದು ತಲೆಯಾಡಿಸಿದೆ. ಆ ಕಾಲದಲ್ಲಿ ನಮ್ಮ ಕಡೆ ಅನ್ನ ಹಳಸಿದರೂ, ಮದುವೆ ಮುರಿದರೂ ಅದಿರು ಲಾರಿಗಳ ಧೂಳಿನ ತಲೆಗೇ ಕಟ್ಟುತ್ತಿದ್ದೆವು. ಎಷ್ಟೋ ಸಲ ಅದು ನಿಜವೂ ಆಗಿರುತ್ತಿತ್ತು.

ಮರಿಗಳನ್ನು ಉಪ್ಪುನೀರಿನಲ್ಲಿ ಅದ್ದಿ ತೆಗೆದ. ಚುಕ್ಕೆ ಹೋಗಲಿಲ್ಲ. ಆ ರಸ್ತೆಯ ಚಹಾದಂಗಡಿಯವರು ಧೂಳು ತಡೆಯಲು ಗಳ ನೆಟ್ಟು ಹಳೆ ಸೀರೆ ಕಟ್ಟುತ್ತಿದ್ದರು. ಇವನೂ ಹಾಗೇ ಕೊಳದ ಸುತ್ತ ಬಿದಿರು ಗಳ ನೆಟ್ಟು, ಓಣಿಯ ಹೆಂಗಸರ ಹತ್ತಿರ ಬೇಡಿ ತಂದ ಸೀರೆಗಳನ್ನು ಕಟ್ಟಿದ. ಬಣ್ಣಬಣ್ಣದ ಸೀರೆ ಗಾಳಿಗೆ ಹಾರುವುದನ್ನು ನೋಡಿ ಲಾರಿಯವನೊಬ್ಬ ಇಳಿದು ಬಂದ.

"ಅಣ್ಣಾ, ಸೀರಿ ಹೆಂಗ್ರಿ?"

"ಸೇಲ್ ಐತ್ರಿ. ಒಂದು ತಗೊಂಡ್ರ ಒಂದು ಫ್ರೀ. ಹೆಂಡ್ತಿಗೊಂದು, ಇನ್ನೊಬ್ಬಾಕಿಗೊಂದು" ಎಂದೆ.

ಅವನು ನಾಚುತ್ತಲೇ ಎರಡನ್ನೂ ಬಿಚ್ಚಿಕೊಂಡು ಹೋದ. ನನ್ನ ಭಾಮೈದ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಕೊಳದ ದಂಡೆಯಲ್ಲಿ ಅವನು ನಕ್ಕಿದ್ದು ಅದೇ ಕೊನೆ.

ಸೀರೆ ಕಟ್ಟಿದ ಮೇಲೆ ಚುಕ್ಕೆಗಳು ಕಡಿಮೆಯಾಗುವುದಿರಲಿ, ದಟ್ಟವಾದವು. ಮರಿಗಳ ಬೆನ್ನು ಸೊಟ್ಟಗಾಗತೊಡಗಿತು. ಈಜಲಾರದೆ ದಂಡೆಗೆ ಬಂದು ಸೇರುತ್ತಿದ್ದವು, ಬೆಳಗಾದರೆ ಅಲ್ಲೇ ಸತ್ತು ತೇಲುತ್ತಿದ್ದವು. ಕಂಪ್ಲಿಯಿಂದ ಬಂದ ಗಿರಾಕಿ ಒಂದು ಮರಿಯನ್ನು ಎತ್ತಿ ನೋಡಿದ.

"ಇದೇನು ಮೀನೋ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯೋ?" ಎಂದವನು ಖಾಲಿ ಚೀಲಗಳನ್ನು ಹೊತ್ತುಕೊಂಡೇ ತಿರುಗಿದ.

ಕೊನೆಗೆ ಮೀನುಗಾರಿಕೆ ಆಫೀಸಿನಿಂದ ಒಬ್ಬ ಮೇಡಂ ಬಂದರು. ಸೂಜಿಯಿಂದ ಒಂದು ಚುಕ್ಕೆಯನ್ನು ಬಿಡಿಸಿ, ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ನಮಗೂ ತೋರಿಸಿದರು. ಒಳಗೆ ಏನೋ ಮೆಲ್ಲಗೆ ಮಿಸುಕುತ್ತಿತ್ತು.

"ಅದಿರಲ್ರಿ ಇದು, ಹುಳ. ಹಕ್ಕಿ ಹಿಕ್ಕಿಯೊಳಗ ಇದರ ತತ್ತಿ ನೀರಿಗೆ ಬೀಳ್ತಾವು. ಮರಿ ಒಡದು ಬಸವನಹುಳದೊಳಗ ಬೆಳೀತಾವು. ಅಲ್ಲಿಂದ ಹೊರಗ ಬಂದು ಮೀನಿನ ಚರ್ಮ ಹೊಗ್ತಾವು. ಆ ಮೀನು ತಿಂದ್ರ ಮತ್ತ ಹಕ್ಕಿ ಹೊಟ್ಟಿಗೆ." ಆಮೇಲೆ ತಲೆಯೆತ್ತಿ, "ಈ ಗಳ ಯಾಕ ನೆಟ್ಟೀರಿ?" ಎಂದರು.

ನಾವೂ ತಲೆಯೆತ್ತಿದೆವು. ಗಳಗಳ ತುದಿಯಲ್ಲಿ ಕೊಕ್ಕರೆ, ನೀರುಕಾಗೆ, ಮಿಂಚುಳ್ಳಿ. ಒಂದು ಗಿಡವೂ ಇಲ್ಲದ ಬಯಲಿನಲ್ಲಿ ಅವಕ್ಕೆ ಕೂರಲು ಮಣೆ ಹಾಕಿಕೊಟ್ಟಿದ್ದೆವು. ಸೀರೆಯ ಸೆರಗು ನೀರಿಗೆ ಬಿದ್ದ ಕಡೆಯೆಲ್ಲ ಬಸವನಹುಳದ ಲೋಳೆ ಮೊಟ್ಟೆ ಅಂಟಿತ್ತು.

"ಔಷಧ ಏನರ ಐತೇನ್ರಿ?"

"ಚರ್ಮದೊಳಗ ಗೂಡು ಕಟ್ಟ್ಯಾವು. ಈ ಮರಿ ಆಸೆ ಬಿಡ್ರಿ. ನೀರು ಬಸಿದು, ತಳ ಬಿರಿಯೋತನ ಒಣಗಿಸಿ ಸುಣ್ಣ ಹಾಕ್ರಿ. ಬಸವನಹುಳ ಒಂದೂ ಬಿಡಬ್ಯಾಡ್ರಿ. ಬರೋ ವರ್ಷ ಮತ್ತ ಮಾಡ್ರಿ."

ನೀರು ಬಸಿಯುವ ದಿನ ಅವನ ಪಕ್ಕ ಕೂತು, "ಬಾರೋ, ಕೊಕ್ಕರಿ ಮ್ಯಾಲ ಕೇಸ್ ಹಾಕೋಣು" ಎಂದೆ. ಅವನ ಮುಖ ಅಲುಗಲಿಲ್ಲ.

"ಅದಿರಾಗಿದ್ರ ಯಾರನ್ನರ ಹಿಡದು ಬೈಬೋದಿತ್ತಲ್ರಿ ಮಾವ" ಎಂದ.

ನಾನು ಎದ್ದು ಗಳಗಳಿಂದ ಸೀರೆ ಬಿಚ್ಚತೊಡಗಿದೆ.

ತಳ ಒಣಗಿ ಬಿರುಕುಬಿಟ್ಟಿತು. ಸುಣ್ಣ ಚೆಲ್ಲುವ ಮೊದಲೇ ಅಣ್ಣಂದಿರು ಅದಿರಿನವನನ್ನು ಕರೆತಂದರು. ಅವನು ಕೊಳದೊಳಗೆ ಇಳಿದು, ಬೂಟುಗಾಲಿನಿಂದ ನೆಲ ಕುಟ್ಟಿ ನೋಡಿದ.

"ಮಸ್ತ್ ಐತ್ರಿ. ಸುತ್ತ ಬದು ಐತಿ. ಮಳಿ ಬಂದ್ರೂ ಮಾಲು ಹರದು ಹೋಗಂಗಿಲ್ಲ."

ಅಣ್ಣಂದಿರು ಹೂಂ ಎಂದರು. ಮಾತು ಅಲ್ಲಿಯೇ ಮುಗಿಯಿತು. ನನ್ನ ಭಾಮೈದ ಅಷ್ಟು ದೂರದಲ್ಲಿ ಕುಕ್ಕರಗಾಲಲ್ಲಿ ಕೂತು ಬಿರುಕುಗಳಿಂದ ಬಸವನಹುಳ ಕಿತ್ತು ಬುಟ್ಟಿಗೆ ಹಾಕುತ್ತಿದ್ದ.

"ಅವನ್ಯಾಕ ಆರಸ್ತೀಯಪ್ಪಾ? ನಾಳೆ ಮ್ಯಾಲ ಅದಿರು ಬೀಳೋದೈತಿ" ಎಂದ ಅದಿರಿನವನು.

"ಒಂದೂ ಬಿಡಬಾರದಂತ ಹೇಳ್ಯಾರ್ರಿ" ಎಂದ ಅವನು, ತಲೆ ಎತ್ತದೆ.

ನಾನು ಪಂಚೆ ಎತ್ತಿ ಕಟ್ಟಿ, ಕೆಳಗಿಳಿದು ಅವನ ಪಕ್ಕ ಕೂತೆ.