ಪಕ್ಕದವರಿಗೆ ಕಾಣದ ಅಕ್ಷರ

ಹೊರಗಣ್ಣು ಮಂದವಾದಂತೆ ಮನುಷ್ಯನಿಗೆ ಒಳಗಣ್ಣು ತೆರೆಯುತ್ತದೆಂದು ತಿಳಿದವರು ಹೇಳುತ್ತಾರೆ. ನಮ್ಮ ಮೇಲಿನ ಮನೆಯ ಶಾರದಮ್ಮನವರಿಗೆ ಕಣ್ಣು ಮಂದವಾದಾಗ ಹೆಚ್ಚಿದ್ದು ಚಡಪಡಿಕೆ ಮಾತ್ರ.

ಬನಶಂಕರಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ಕಾರು ನಿಲ್ಲಿಸುವ ಜಾಗದಲ್ಲಿ, ದಿನಾ ಸಂಜೆ ಅವರು ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಎಂಟು ಹತ್ತು ಹೆಂಗಸರು ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದರು. ಶಾರದಮ್ಮನವರು ಒಂದು ಕಡೆ ಕೂತು ಓದಿದವರಲ್ಲ. ಒಂದು ಪುಟ ಕುರ್ಚಿಯಲ್ಲಿ, ಇನ್ನೊಂದು ಕಂಬಕ್ಕೊರಗಿ. ಕಥೆ ಬಿಗಿಯಾಯಿತೆಂದರೆ ಸ್ಕೂಟರುಗಳ ನಡುವೆ ಶತಪಥ. ನಾನು ಪೇಪರು ಹಿಡಿದು, ಕೇಳಿಸಿಕೊಳ್ಳದವನ ಗಾಂಭೀರ್ಯದಿಂದ ಕೇಳುತ್ತಿದ್ದೆ.

ಅವರ ಓದಿನಲ್ಲಿ ಯಾರೂ ಸಾಯುತ್ತಿರಲಿಲ್ಲ. ಅವರು ಓದಿ ಮುಗಿಸಿದ್ದ ಕಾದಂಬರಿಯೊಂದನ್ನು ಎರವಲು ತಂದಾಗ ನನಗಿದು ಗೊತ್ತಾಯಿತು. ಪುಸ್ತಕದ ಅರ್ಧದಲ್ಲೇ ಜ್ವರ ಬಂದು ತೀರಿಕೊಂಡ ನಾಯಕಿ ನಮ್ಮ ಪಾರ್ಕಿಂಗಿನಲ್ಲಿ ಮೊಮ್ಮಕ್ಕಳನ್ನು ಕಂಡಿದ್ದಳು. ಹೋಗಿ ಕೇಳಿದೆ.

“ಸತ್ತಿದ್ದನ್ನ ಓದಿ ಹೇಳಕ್ಕೆ ನಾನ್ಯಾಕೆ ಬೇಕು? ಅದು ದಿನಾ ಫೋನಲ್ಲೇ ಬರತ್ತೆ,” ಎಂದರು. “ನೀವು ಬಾಯಿ ಬಿಡ್ಬೇಡಿ ರಾಯರೇ. ವಿಮಲಂಗೆ ಗೊತ್ತಾದ್ರೆ ನಾಳೆಯಿಂದ ಅವಳೇ ಓದ್ತಾಳೆ.”

ಎದುರು ಮನೆಯ ವಿಮಲಮ್ಮನವರು ನಿವೃತ್ತ ಹೆಡ್‌ಮಿಸ್ಟ್ರೆಸ್. ತಪ್ಪು ಹುಡುಕುವ ಅಭ್ಯಾಸಕ್ಕೆ ಇನ್ನೂ ನಿವೃತ್ತಿ ಆಗಿರಲಿಲ್ಲ.

ಪುಸ್ತಕದ ಅಕ್ಷರ ಕಾಣದಾದಾಗ, ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದಾದ ಇ-ರೀಡರ್ ಕೊಳ್ಳುವುದೆಂದಾಯಿತು. ಜಯನಗರದ ಅಂಗಡಿಗೆ ನನ್ನನ್ನು ಕರೆದರು; ವಿಮಲಮ್ಮನವರು ಕರೆಯದೆಯೇ ಆಟೋ ಹತ್ತಿದರು. ಅಂಗಡಿಯವನು ತೋರಿಸಿದ ಮೊದಲನೆಯದರಲ್ಲಿ ಒತ್ತಕ್ಷರಗಳು ಜಗಳವಾಡಿದವರಂತೆ ದೂರ ಕೂತಿದ್ದವು. ಎರಡನೆಯದರ ಪರದೆ ಓದುವುದಕ್ಕಿಂತ ತಲೆ ಬಾಚಿಕೊಳ್ಳುವುದಕ್ಕೆ ಅನುಕೂಲವಾಗಿತ್ತು. ಮೂರನೆಯದು ಕಾಗದದ ಹಾಗೆ ತಣ್ಣಗಿತ್ತು, ಅಕ್ಷರ ಬಸ್ಸಿನ ಬೋರ್ಡಿನ ಹಾಗೆ ದುಂಡಗೆ. ಶಾರದಮ್ಮನವರ ಮುಖ ಅರಳಿತು. ಅಷ್ಟರಲ್ಲಿ ವಿಮಲಮ್ಮನವರು ಪಕ್ಕದಿಂದಲೇ, ಕನ್ನಡಕವಿಲ್ಲದೆ, ಇಡೀ ಪುಟ ಓದಿ ಹೇಳಿದರು. ಅರಳಿದ ಮುಖ ಮುದುಡಿತು.

“ಇದಕ್ಕಿಂತ ಸ್ವಲ್ಪ ಕಮ್ಮಿ ಕಾಣೋದು ಇದ್ಯಾ?”

ಅಂಗಡಿಯವನು ನನ್ನ ಮುಖ ನೋಡಿದ. “ಕಮ್ಮಿನಾ ಮೇಡಂ?”

“ನಂಗೆ ಕಾಣ್ಬೇಕು. ಪಕ್ಕದೋರಿಗೆ ಕಾಣ್ಬಾರ್ದು.”

“ಯಾಕೆ ಶಾರದಾ, ನನ್ನ ದೃಷ್ಟಿ ತಾಗತ್ತಾ?” ಎಂದರು ವಿಮಲಮ್ಮ.

“ದೃಷ್ಟಿ ಹಾಕಿದ್ರೆ ಪರ್ವಾಗಿಲ್ಲ ಕಣೇ. ನೀನು ತಿದ್ತೀಯ.”

ಅಂಥದ್ದು ಇನ್ನೂ ಮಾರ್ಕೆಟ್ಟಿಗೆ ಬಂದಿಲ್ಲವೆಂದು ಅಂಗಡಿಯವನು ವಿಷಾದಿಸಿದ. ಶಾರದಮ್ಮನವರು ಅಂಗಡಿಯಲ್ಲಿ ಮೂರು ಸುತ್ತು ಬಂದು, ಆ ಮೂರನೆಯದನ್ನೇ ಕೊಂಡು, ಆಟೋದಲ್ಲೇ ಅದರ ಅಕ್ಷರವನ್ನು ಸಾಸಿವೆಯಷ್ಟು ಸಣ್ಣಗೆ ಮಾಡಿಸಿದರು. ಮಾಡಿಕೊಟ್ಟವನು ನಾನು.

ಅಂದಿನಿಂದ ಅವರಿಗೂ ಏನೂ ಕಾಣುತ್ತಿರಲಿಲ್ಲ. ಇಡೀ ಕಾದಂಬರಿ ತಲೆಯಿಂದಲೇ ಬರುತ್ತಿತ್ತು. ಹೊತ್ತುಹೊತ್ತಿಗೆ ಪುಟ ತಿರುಗಿಸುವುದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ. ಅವರು ಎದ್ದರೆ ವಿಮಲಮ್ಮನವರೂ ಏಳುತ್ತಿದ್ದರು, ನಡೆದರೆ ಹಿಂದೆಯೇ ನಡೆಯುತ್ತಿದ್ದರು, ಹೆಗಲ ಮೇಲಿಂದ ಇಣುಕಿ ಕಣ್ಣು ಕಿರಿದು ಮಾಡುತ್ತಿದ್ದರು. ಸ್ಕೂಟರುಗಳ ಸುತ್ತ ಈ ಮೆರವಣಿಗೆ ಹೊರಟಾಗಲೆಲ್ಲ ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ. ಶಾರದಮ್ಮನವರು ಒಮ್ಮೆಯೂ ಸಿಕ್ಕಿಬೀಳಲಿಲ್ಲ.

ಯಾರನ್ನೂ ಸಾಯಗೊಡದ ಶಾರದಮ್ಮನವರು ಕಳೆದ ಆಷಾಢದಲ್ಲಿ, ಕಾದಂಬರಿಯೊಂದನ್ನು ಅರ್ಧಕ್ಕೆ ಬಿಟ್ಟು ತೀರಿಕೊಂಡರು. ಇ-ರೀಡರ್ ವಿಮಲಮ್ಮನವರ ಪಾಲಿಗೆ ಬಂತು. ಅವರು ಅಕ್ಷರ ದೊಡ್ಡದು ಮಾಡಿಕೊಂಡು, ಮೊದಲ ಪುಟದಿಂದ, ಇದ್ದದ್ದನ್ನು ಇದ್ದಂತೆಯೇ ಓದುತ್ತಾರೆ. ಕೇಳಲು ಈಗ ಇಬ್ಬರು ಬರುತ್ತಾರೆ, ನನ್ನನ್ನೂ ಸೇರಿಸಿ.